ನಾಣ್ಯ: ಬ್ಯಾಂಕಿಗೋ, ಮನೆಗೋ?

ಶಿರೂರಿನ ಒಂದು ಕನ್ನಡ ಮನೆಯಲ್ಲಿ ಅಜ್ಜನ ಡಬ್ಬಿ ಇದೆ ಅಂತಿಟ್ಟುಕೊಳ್ಳಿ. ಒಳಗೆ ವಿಜಯನಗರದ ಚಿನ್ನದ ವರಾಹ ಒಂದು, ತಾಮ್ರದ ಶಿವರಾಯಿ ಒಂದು ಹಿಡಿ. ಎಲ್ಲಿಡೋಣ?

"ಲಾಕರಿಗೆ ಹಾಕಿ ನಿಶ್ಚಿಂತೆಯಾಗಿರಿ" ಅಂತಾರೆ ಹಿರಿಯರು. ಅರ್ಧ ನಿಜ. ಲಾಕರಿನಲ್ಲಿ ಏನಿದೆಯೆಂಬುದು ಬ್ಯಾಂಕಿಗೆ ತಿಳಿದಿರುವುದಿಲ್ಲ. 2022ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಕಳ್ಳತನ, ಬೆಂಕಿ, ಕಟ್ಟಡ ಕುಸಿತ, ನೌಕರರ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು. ಬಾಡಿಗೆ 2000 ರೂಪಾಯಿಯಾದರೆ 2 ಲಕ್ಷ, ಅಷ್ಟೇ. ಬ್ಯಾಂಕಿನ ತಪ್ಪಿಲ್ಲದೆ ಪ್ರವಾಹದಲ್ಲಿ ಹೋದರೆ ಅದೂ ಇಲ್ಲ. 1961ರಲ್ಲಿ ಪಾನಶೇತ್ ಅಣೆಕಟ್ಟು ಒಡೆದು ಪುಣೆಗೆ ನೀರು ನುಗ್ಗಿತ್ತಲ್ಲವೆ?

ಹಾಗಾದರೆ ಮನೆಯೇ ಲೇಸೆ? ಅಲ್ಲಿ ಕಳ್ಳನ ಭಯ. ಆದರೆ ತಾಮ್ರವನ್ನು ಆಗಾಗ ನೋಡುತ್ತಿರಬೇಕು. ತೇವ ತಗುಲಿದರೆ, ಪಿ.ವಿ.ಸಿ. ಚೀಲದಲ್ಲಿಟ್ಟರೆ ಹಸಿರುಗಟ್ಟುತ್ತದೆ, ಲಾಕರಿನ ಕತ್ತಲಲ್ಲಿ ಅದು ಯಾರ ಕಣ್ಣಿಗೂ ಬೀಳದು.

ಆದ್ದರಿಂದ ಹಂಚಿಡಿ. ವರಾಹ ಲಾಕರಿಗೆ, ನಾಮಿನಿ ಹೆಸರು ಬರೆಸಿ. ಶಿವರಾಯಿ ಮನೆಗೆ, ಆಮ್ಲರಹಿತ ಕಾಗದದ ಲಕೋಟೆಯಲ್ಲಿ, ಒಣ ಜಾಗದಲ್ಲಿ. ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಕಿಲುಬಿನ ಜೊತೆ ಬೆಲೆಯೂ ಹೋದೀತು.

ಎಲ್ಲಕ್ಕಿಂತ ಮೊದಲು ಪಟ್ಟಿ ಮಾಡಿ: ತೂಕ, ಎರಡೂ ಮುಖದ ಫೋಟೋ, ಯಾರಿಂದ ಬಂತು. ಅದರ ಪ್ರತಿ ಇನ್ನೊಂದೂರಿನ ನೆಂಟರ ಬಳಿ ಇರಲಿ. ಪಟ್ಟಿಯಿಲ್ಲದ ನಾಣ್ಯ ಕಳೆದರೆ, ಅದು ಇತ್ತೆಂದು ಹೇಳುವವರೂ ಇರುವುದಿಲ್ಲ.