ಅಣ್ವಸ್ತ್ರ ಯಾರ ತಾಬಾದಲ್ಲಿದೆ?

ದುಂಡಸಿ ಕಡೆಯ ರೈತ ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಒಯ್ದರೆ ಮೊದಲು ಚೀಲ ಎಣಿಸುತ್ತಾನೆ. ಆಮೇಲೆ ಲಾಟ್ ನಂಬರು, ತೂಕದ ಚೀಟಿ. ಒಂದು ಚೀಲ ಕಡಿಮೆಯಾದರೆ ಅದು ಯಾರ ಕೈ ದಾಟುವಾಗ ತಪ್ಪಿತು ಎಂದು ಆ ಚೀಟಿ ಹಿಡಿದು ಕೇಳಬಹುದು. ಅಣ್ವಸ್ತ್ರ ಕಾಯುವ ವ್ಯವಸ್ಥೆಯ ಬುನಾದಿಯೂ ಇದೇ. ಪ್ರತಿ ಸಿಡಿತಲೆಗೂ ಒಂದು ಸಂಖ್ಯೆ, ಪ್ರತಿ ಹಸ್ತಾಂತರಕ್ಕೂ ಒಂದು ಸಹಿ. ಸಿಡಿತಲೆಯ ಹತ್ತಿರ ಒಬ್ಬನೇ ಹೋಗುವಂತಿಲ್ಲ, ಕೆಲಸ ತಿಳಿದ ಇಬ್ಬರು ಒಬ್ಬರನ್ನೊಬ್ಬರು ನೋಡುತ್ತಿರಬೇಕು.

ಸಹಿಯಷ್ಟೇ ಬಿದ್ದು ಕಣ್ಣು ಬೀಳದಿದ್ದರೆ ಏನಾಗುತ್ತದೆ ಎಂಬುದು 2007ರ ಆಗಸ್ಟ್ 29ರಂದು ಅಮೆರಿಕದಲ್ಲಿ ಶುರುವಾದ ಪ್ರಸಂಗದಿಂದ ಗೊತ್ತಾಯಿತು. ನಾರ್ತ್ ಡಕೋಟಾದ ಮೈನಾಟ್ ವಾಯುನೆಲೆಯಿಂದ ಲೂಸಿಯಾನಾದ ಬಾರ್ಕ್ಸ್‌ಡೇಲ್‌ಗೆ 12 ಹಳೆಯ ಕ್ರೂಸ್ ಕ್ಷಿಪಣಿಗಳನ್ನು ಬಿ-52 ವಿಮಾನದಲ್ಲಿ ಕಳಿಸಬೇಕಿತ್ತು. ಎರಡೂ ರೆಕ್ಕೆಗಳಡಿ ಆರಾರು, ಎಲ್ಲದರಲ್ಲೂ ಡಮ್ಮಿ ಸಿಡಿತಲೆ ಇರಬೇಕಿತ್ತು. ಒಂದು ಬದಿಯ ಆರರಲ್ಲಿ ಅಸಲಿ ಅಣು ಸಿಡಿತಲೆಗಳಿದ್ದವು. ಕ್ಷಿಪಣಿಯ ಮೈಯಲ್ಲಿರುವ ಪುಟ್ಟ ಗಾಜಿನ ಕಿಂಡಿಗೆ ಟಾರ್ಚ್ ಹಿಡಿದು ಇಣುಕಿದ್ದರೆ ತಿಳಿಯುತ್ತಿತ್ತು. ದಾಸ್ತಾನಿನಿಂದ ತೆಗೆದವರು ಇಣುಕಲಿಲ್ಲ, ಹಿಂದಿನವರು ನೋಡಿರುತ್ತಾರೆಂದು ಎಳೆದು ತಂದವರೂ ಇಣುಕಲಿಲ್ಲ. ವಿಮಾನದ ನ್ಯಾವಿಗೇಟರ್ ಪರೀಕ್ಷಿಸಿದ್ದು ಡಮ್ಮಿ ಇದ್ದ ಬದಿಯನ್ನು ಮಾತ್ರ. ಅಣ್ವಸ್ತ್ರಕ್ಕೆ ಇರಬೇಕಾದ ಕಾವಲಿಲ್ಲದೆ ರಾತ್ರಿಯಿಡೀ ನಿಂತ ವಿಮಾನ ಮರುದಿನ ದೇಶದ ಉತ್ತರದಿಂದ ದಕ್ಷಿಣಕ್ಕೆ ಹಾರಿತು. ಬಾರ್ಕ್ಸ್‌ಡೇಲ್‌ನ ನೆಲದ ಸಿಬ್ಬಂದಿ ಕಂಡುಹಿಡಿಯುವಷ್ಟರಲ್ಲಿ ಸುಮಾರು 36 ಗಂಟೆ ಕಳೆದಿತ್ತು. ಅಷ್ಟು ಹೊತ್ತು ಆರು ಸಿಡಿತಲೆ ಕಾಣೆಯಾಗಿವೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಇದನ್ನು ಓದುವಾಗಲೆಲ್ಲ ನನ್ನ ಎದೆ ನಡುಗುತ್ತದೆ.

ನೆಲೆಯ ಕಮಾಂಡರ್ ಸೇರಿ ಹಲವು ಅಧಿಕಾರಿಗಳು ಹುದ್ದೆ ಕಳೆದುಕೊಂಡರು, ಹತ್ತಾರು ಸಿಬ್ಬಂದಿಯನ್ನು ಅಣ್ವಸ್ತ್ರದ ಕೆಲಸದಿಂದ ತೆಗೆದರು. ಇನ್ನೊಂದು ಪ್ರಸಂಗದಲ್ಲಿ, ಹೆಲಿಕಾಪ್ಟರ್ ಬ್ಯಾಟರಿ ಎಂದುಕೊಂಡು ಅಣು ಕ್ಷಿಪಣಿಯ ಫ್ಯೂಸ್ ಭಾಗಗಳನ್ನು ತೈವಾನಿಗೆ ಕಳಿಸಿದ್ದು 2008ರ ಮಾರ್ಚ್‌ನಲ್ಲಿ ಬಯಲಾಯಿತು. ಆ ಜೂನ್‌ನಲ್ಲಿ ವಾಯುಪಡೆಯ ಕಾರ್ಯದರ್ಶಿ ಮೈಕಲ್ ವಿನ್, ಮುಖ್ಯಸ್ಥ ಜನರಲ್ ಮೋಸ್ಲಿ ಇಬ್ಬರೂ ರಾಜೀನಾಮೆ ಕೊಡಬೇಕಾಯಿತು. ಹೊಣೆ ತುದಿಯವರೆಗೂ ಏರಿದ್ದು ಸರಿಯಾಗಿಯೇ ಇತ್ತು.

ನಮ್ಮಲ್ಲಿ 2003ರ ಜನವರಿಯಲ್ಲಿ ಅಣ್ವಸ್ತ್ರ ಕಮಾಂಡ್ ಪ್ರಾಧಿಕಾರದ ರಚನೆ ಪ್ರಕಟವಾಯಿತು. ಬಳಕೆಗೆ ಅನುಮತಿ ಕೊಡುವುದು ಪ್ರಧಾನಿ ನೇತೃತ್ವದ ರಾಜಕೀಯ ಮಂಡಳಿ ಮಾತ್ರ, ಪಡೆಗಳನ್ನು ನಡೆಸುವುದು ಸ್ಟ್ರಾಟೆಜಿಕ್ ಫೋರ್ಸಸ್ ಕಮಾಂಡ್. ಅಣು ತಿರುಳನ್ನು ವಿಜ್ಞಾನಿಗಳ ಬಳಿ, ಕ್ಷಿಪಣಿಯನ್ನು ಸೇನೆಯ ಬಳಿ ಬೇರೆ ಬೇರೆ ಇಡುವುದು ಬಹುಕಾಲದ ಪದ್ಧತಿ ಎಂದು ತಜ್ಞರು ಬರೆದಿದ್ದಾರೆ. ಒಂದೇ ಕೈ ತಪ್ಪಿದರೆ ಅನಾಹುತವಾಗದಂತೆ ತಡೆಯುವ ದೊಡ್ಡ ಬೀಗ ಇದು. ಆದರೆ ಐಎನ್‌ಎಸ್ ಅರಿಹಂತ್‌ನಂಥ ಜಲಾಂತರ್ಗಾಮಿ ಅಣ್ವಸ್ತ್ರ ಹೊತ್ತು ಗಸ್ತು ತಿರುಗುವಾಗ ಇವೆರಡನ್ನೂ ದೂರ ಇಡಲಾಗದು. ಅಲ್ಲಿ ತಾಬಾ ನೌಕೆಯವರದ್ದೇ.

2022ರ ಮಾರ್ಚ್ 9ರಂದು ನಮ್ಮ ಒಂದು ಬ್ರಹ್ಮೋಸ್ ಕ್ಷಿಪಣಿ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿತ್ತು. ಅದರಲ್ಲಿ ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಸರ್ಕಾರ ಮೊದಲು ತಾಂತ್ರಿಕ ದೋಷ ಎಂದಿತು. ನಿಗದಿತ ಕಾರ್ಯವಿಧಾನವನ್ನು ಮೂವರು ಅಧಿಕಾರಿಗಳು ಪಾಲಿಸಲಿಲ್ಲ ಎಂದು ವಾಯುಪಡೆಯ ವಿಚಾರಣೆಯಲ್ಲಿ ತಿಳಿದು, ಆಗಸ್ಟ್‌ನಲ್ಲಿ ಅವರನ್ನು ಸೇವೆಯಿಂದ ವಜಾ ಮಾಡಲಾಯಿತು. ವಿಚಾರಣಾ ವರದಿ ಮಾತ್ರ ಹೊರಬರಲಿಲ್ಲ.

ಹೋಲಿಕೆಗೆ ನೋಡಿ: ನಮ್ಮ ಘಟ್ಟದ ಕೈಗಾದಲ್ಲಿ 2009ರ ನವೆಂಬರ್‌ನಲ್ಲಿ ವಿಕಿರಣ ಸೂಸುವ ಟ್ರಿಟಿಯಂ ಬೆರೆತ ನೀರು ಕುಡಿಯುವ ನೀರಿನ ಕೂಲರ್‌ಗೆ ಸೇರಿ, ಅಲ್ಲಿಂದ 50ಕ್ಕೂ ಹೆಚ್ಚು ನೌಕರರ ಮೈಗೆ ಹೋಯಿತು. ಅದು ವಿದ್ಯುತ್ ಸ್ಥಾವರ, ಆದ್ದರಿಂದ ಅಣುಶಕ್ತಿ ನಿಯಂತ್ರಣ ಮಂಡಳಿ ಒಳಹೊಕ್ಕು ನೋಡಬಹುದಾಗಿತ್ತು. ಆದರೆ ಅಣ್ವಸ್ತ್ರದ ಕೆಲಸವೂ ನಡೆಯುವ ಭಾಭಾ ಅಣು ಸಂಶೋಧನಾ ಕೇಂದ್ರವನ್ನು 2000ದಲ್ಲೇ ಆ ಮಂಡಳಿಯ ವ್ಯಾಪ್ತಿಯಿಂದ ಹೊರಗಿಟ್ಟಿದ್ದಾರೆ. ಗುಟ್ಟು ಬೇಕು, ಒಪ್ಪುತ್ತೇನೆ. ಆದರೂ ಬಾಗಿಲು ಮುಚ್ಚಿದ ಸಂಸದೀಯ ಸಮಿತಿಯೊಂದಕ್ಕಾದರೂ ಬ್ರಹ್ಮೋಸ್ ವರದಿಯನ್ನು ತೋರಿಸಲೇಬೇಕು ಎಂಬುದು ನನ್ನ ಬೇಡಿಕೆ.