ಅಣಕದ ಹೆಸರು ಮತ್ತು ನಿರಾಕರಣೆಯ ಮಿತಿ: ಉದ್ಯಮಸಂಸ್ಥೆಗಳ ಅಡ್ಡಹೆಸರುಗಳ ಅರ್ಥವಿಚಾರ

1. ಪ್ರಶ್ನೆ

ದೊಡ್ಡ ಉದ್ಯಮಸಂಸ್ಥೆಯೊಂದನ್ನು ಟೀಕಿಸುವವರು ಅದರ ಹೆಸರನ್ನು ತಿರುಚಿ ಬಳಸಿದಾಗ ಚರ್ಚೆಯ ದಿಕ್ಕೇ ಬದಲಾಗುವುದನ್ನು ಇಂಗ್ಲಿಷ್ ಬಳಸುವ ಗಣಕಸಮುದಾಯದ ವಾಗ್ವಾದಗಳಲ್ಲಿ ಪದೇ ಪದೇ ಕಾಣುತ್ತೇವೆ. ಸಂಸ್ಥೆ ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಹಿಂದೆ ಸರಿದು, ಆ ಹೆಸರನ್ನು ಬಳಸಿದ್ದು ಸರಿಯೇ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಇದನ್ನು ಕೇವಲ ಸಭ್ಯತೆಯ ಪ್ರಶ್ನೆಯೆಂದು ಭಾವಿಸುವುದುಂಟು. ಇದಕ್ಕೆ ಅರ್ಥವಿಜ್ಞಾನದ ಕಾರಣವೂ ಇದೆಯೆಂದು ಈ ಲೇಖನದಲ್ಲಿ ತೋರಿಸಬಯಸುತ್ತೇವೆ.

2. ರಚನೆಯ ಬಗೆಗಳು

ಗಣಕತಜ್ಞರ ಆಡುನುಡಿಯನ್ನು ದಾಖಲಿಸುವ ‘ಜಾರ್ಗನ್ ಫೈಲ್’ 1975ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆರಂಭವಾಗಿ 1983ರಲ್ಲಿ ಪುಸ್ತಕರೂಪ ಪಡೆಯಿತು. ಅದರ ನಂತರದ ಆವೃತ್ತಿಗಳಲ್ಲಿ ದೊರೆಯುವ ಅಣಕದ ಹೆಸರುಗಳಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು.

(ಅ) ಧ್ವನಿಯ ಬದಲಾವಣೆ: ‘ಸೋಲಾರಿಸ್’ ಎಂಬ ಕಾರ್ಯಾಚರಣ ವ್ಯವಸ್ಥೆ ‘ಸ್ಲೋಲಾರಿಸ್’ ಆಗುತ್ತದೆ, ‘ಸ್ಲೋ’ ಎಂದರೆ ನಿಧಾನ.

(ಆ) ಸಂಕ್ಷೇಪದ ಮರುವಿಸ್ತರಣೆ: ‘ಐಬಿಎಂ’ ಎಂಬುದು ‘ಇನ್‌ಫೀರಿಯರ್ ಬಟ್ ಮಾರ್ಕೆಟಬಲ್’, ಅಂದರೆ ಕಳಪೆಯಾದರೂ ಮಾರಾಟವಾಗುವಂಥದ್ದು.

(ಇ) ಲಿಪಿಚಿಹ್ನೆಯ ಬದಲಾವಣೆ: ಕಂಪ್ಯುಸರ್ವ್ ಸೇವೆಯನ್ನು ‘ಸಿಐ$’ ಎಂದೂ ಮೈಕ್ರೋಸಾಫ್ಟ್ ಸಂಸ್ಥೆಯನ್ನು ‘ಎಂ$’ ಎಂದೂ ಬರೆಯುವುದು.

ಇವನ್ನು ನಮ್ಮ ಅಲಂಕಾರಶಾಸ್ತ್ರದ ಶ್ಲೇಷದೊಡನೆ ಸಮೀಕರಿಸಲಾಗದು. ಶ್ಲೇಷದಲ್ಲಿ ಒಂದೇ ಶಬ್ದರೂಪ ಎರಡು ಅರ್ಥಗಳನ್ನು ಕೊಡುತ್ತದೆ. ಇಲ್ಲಿ, ಎರಡನೆಯ ಬಗೆಯನ್ನು ಬಿಟ್ಟರೆ, ರೂಪವೇ ಮುರಿದಿರುತ್ತದೆ. ಓದುಗನು ಮೂಲರೂಪವನ್ನು ಮನಸ್ಸಿನಲ್ಲಿ ಮರುಸ್ಥಾಪಿಸಿಕೊಂಡಾಗಲೇ ಅಣಕ ಫಲಿಸುತ್ತದೆ. ಮೂರನೆಯ ಬಗೆಯಂತೂ ಕಣ್ಣಿಗೆ ಮಾತ್ರ ಗೋಚರವಾಗುತ್ತದೆ. ಅದು ರೋಮನ್ ಲಿಪಿಯ ‘ಎಸ್’ ಅಕ್ಷರಕ್ಕೂ ಡಾಲರ್ ಚಿಹ್ನೆಗೂ ಇರುವ ಆಕಾರಸಾಮ್ಯವನ್ನು ಅವಲಂಬಿಸಿದೆ. ಕನ್ನಡದಲ್ಲಿ ಇದು ಸಾಧ್ಯವಾಗದು: ‘ಮೈಕ್ರೋಸಾಫ್ಟ್’ ಪದದ ‘ಸಾ’ದಲ್ಲಿ ವ್ಯಂಜನವೂ ಸ್ವರವೂ ಒಂದೇ ಅಕ್ಷರವಾಗಿ ಬೆಸೆದಿವೆ, ಡಾಲರ್ ಚಿಹ್ನೆಯು ಸ್ವರಚಿಹ್ನೆಯನ್ನು ಹೊರಲಾರದು. ಕನ್ನಡಕ್ಕೆ ತಿರಸ್ಕಾರ ಸೂಚಿಸಲು ‘ಕಂಪನಿಗಿಂಪನಿ’ಯಂಥ ಪ್ರತಿಧ್ವನಿ ಪದಗಳ ದಾರಿ ಇದೆ. ಆದರೆ ಅವು ಹೆಸರನ್ನು ಹಾಗೆಯೇ ಉಳಿಸಿಕೊಂಡು ಅದರ ಬೆನ್ನಿಗೆ ಮತ್ತೊಂದು ರೂಪವನ್ನು ಸೇರಿಸುತ್ತವೆ.

3. ನಿಷೇಧಕ್ಕೆ ಸಿಗದ ಅರ್ಥ

ಈ ಕೆಳಗಿನ ವಾಕ್ಯಗಳನ್ನು ಗಮನಿಸೋಣ.

(1) ಎಂ$ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿತು.
(2) ಇಲ್ಲ, ಮಾಡಲಿಲ್ಲ.
(3) ಎಂ$ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿತೇ?
(4) ಆ ಸಂಸ್ಥೆಯನ್ನು ಹಾಗೆ ಕರೆಯಬೇಡಿ.

ಹೆಸರು ಬದಲಾದರೂ ನಿರ್ದೇಶಿತ ವಸ್ತು ಒಂದೇ. ಆದುದರಿಂದ (1)ರ ಸತ್ಯಾಸತ್ಯತೆ ಬದಲಾಗುವುದಿಲ್ಲ. (2) ಬಿಡುಗಡೆಯನ್ನು ಮಾತ್ರ ನಿರಾಕರಿಸುತ್ತದೆ, ತಿರಸ್ಕಾರ ಹಾಗೆಯೇ ಉಳಿಯುತ್ತದೆ. ಪ್ರಶ್ನೆಯಾದ (3)ರಲ್ಲೂ ಅದು ಪ್ರಶ್ನಾರ್ಥಕವಾಗುವುದಿಲ್ಲ. ಕ್ರಿಸ್ಟೋಫರ್ ಪಾಟ್ಸ್ 2005ರ ತಮ್ಮ ಗ್ರಂಥದಲ್ಲಿ ಚರ್ಚಿಸಿದ ಅಭಿವ್ಯಂಜಕ ಪದಗಳ ಲಕ್ಷಣವೂ ಇದೇ: ಅವುಗಳ ಅರ್ಥವು ವಾಕ್ಯದ ಮುಖ್ಯ ಪ್ರತಿಪಾದನೆಯಿಂದ ಪ್ರತ್ಯೇಕವಾದ ನೆಲೆಯಲ್ಲಿ ನಿಲ್ಲುತ್ತದೆ. ತಿರಸ್ಕಾರವನ್ನು ಒಪ್ಪದ ಕೇಳುಗನಿಗೆ ಉಳಿಯುವುದು (4)ರಂಥ ಅಧಿಭಾಷಿಕ ಆಕ್ಷೇಪ ಮಾತ್ರ. ಹೀಗೆ ಚರ್ಚೆ ವಿಷಯದಿಂದ ಹೆಸರಿನತ್ತ ಹೊರಳುವುದು ಕೇಳುಗನ ಮೊಂಡುತನದಿಂದಲೇ ಆಗಬೇಕಿಲ್ಲ. ಬೇರೆ ದಾರಿಯನ್ನು ಆ ಪದವೇ ಅವನಿಗೆ ಬಿಟ್ಟುಕೊಡುವುದಿಲ್ಲ.

4. ದೂರು ಉಳಿದ ಹೆಸರು, ದೂರು ಅಳಿದ ಹೆಸರು

ಆದರೂ ಎಲ್ಲ ಅಡ್ಡಹೆಸರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹೋಲ್ ಫುಡ್ಸ್ ಎಂಬ ಅಮೆರಿಕದ ಆಹಾರ ಮಳಿಗೆಗಳನ್ನು ‘ಹೋಲ್ ಪೇಚೆಕ್’ ಎನ್ನುವಾಗ, ಅಲ್ಲಿ ಕೊಂಡರೆ ಇಡೀ ಸಂಬಳ ಕರಗುತ್ತದೆ ಎಂಬ ನಿರ್ದಿಷ್ಟ ದೂರು ಹೆಸರಿನಿಂದಲೇ ತಿಳಿಯುತ್ತದೆ. ಸ್ಟಾರ್‌ಬಕ್ಸ್ ಕಾಫಿಯನ್ನು ‘ಚಾರ್‌ಬಕ್ಸ್’ ಎನ್ನುವುದರಲ್ಲಿ ಬೀಜವನ್ನು ಸುಟ್ಟು ಕರಕಾಗಿಸಿದ್ದಾರೆ ಎಂಬ ಆಕ್ಷೇಪವಿದೆ. ಅದೇ ಹೆಸರನ್ನು ನ್ಯೂ ಹ್ಯಾಂಪ್‌ಶೈರಿನ ಸಣ್ಣ ಕಾಫಿಸಂಸ್ಥೆಯೊಂದು ಕಡುವಾಗಿ ಹುರಿದ ತನ್ನ ಕಾಫಿಗೆ ಇಟ್ಟುಕೊಂಡಿತು. ಸ್ಟಾರ್‌ಬಕ್ಸ್ ಹೂಡಿದ ದಾವೆ 2013ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ನಿಂದೆಯಾಗಿದ್ದ ಗುಣವೇ ಅಲ್ಲಿ ಹೆಮ್ಮೆಯಾಯಿತು. ಇಂಥ ಹೆಸರುಗಳಿಗೆ ‘ಬೆಲೆ ಅಷ್ಟೇನೂ ಹೆಚ್ಚಿಲ್ಲ’ ಎಂದೋ ‘ಕರಕಲಾಗಿಲ್ಲ’ ಎಂದೋ ಉತ್ತರ ಕೊಡಬಹುದು. ಹೆಸರಿನೊಳಗಿನ ದೂರನ್ನು ಹೊರತೆಗೆದು ಚರ್ಚೆಗೆ ಒಡ್ಡಲು ಸಾಧ್ಯವಿದೆ.

ಡಾಲರ್ ಚಿಹ್ನೆಯ ಸ್ಥಿತಿ ಇದಕ್ಕಿಂತ ಭಿನ್ನ. ‘ಸಿಐ$’ನಲ್ಲಿ ಅದು ಸಂಪರ್ಕಕ್ಕೆ ವಿಧಿಸುತ್ತಿದ್ದ ದುಬಾರಿ ಶುಲ್ಕವನ್ನು ಸೂಚಿಸುತ್ತಿತ್ತೆಂದು ಜಾರ್ಗನ್ ಫೈಲ್ ವಿವರಿಸುತ್ತದೆ. ‘ಎಂ$’ನಲ್ಲಿ ಅದೇ ಚಿಹ್ನೆ ದುರಾಸೆ ಎಂಬ ಸಾಮಾನ್ಯ ಆರೋಪವಾಗುತ್ತದೆ, ಅದನ್ನು ಯಾವ ಸಂಸ್ಥೆಗಾದರೂ ಅಂಟಿಸಬಹುದು. ಆದರೆ ಮೈಕ್ರೋಸಾಫ್ಟ್ ವಿರುದ್ಧ ನಿರ್ದಿಷ್ಟ ಆರೋಪ ಇರಲಿಲ್ಲವೆಂದಲ್ಲ. ಅಮೆರಿಕ ಸರ್ಕಾರ 1998ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ವೈಯಕ್ತಿಕ ಗಣಕಗಳ ಕಾರ್ಯಾಚರಣ ವ್ಯವಸ್ಥೆಗಳ ಮಾರುಕಟ್ಟೆಯಲ್ಲಿ ಆ ಸಂಸ್ಥೆಗೆ ಏಕಸ್ವಾಮ್ಯದ ಬಲವಿದೆಯೆಂದು ವಿಚಾರಣಾ ನ್ಯಾಯಾಲಯ 1999ರಲ್ಲಿ ನಿರ್ಣಯಿಸಿತು. ಏಕಸ್ವಾಮ್ಯದ ಆ ಮಾತು ‘ಎಂ$’ ರೂಪದಲ್ಲಿ ಎಲ್ಲಿಯೂ ಇಲ್ಲ. ಅದನ್ನು ಮೊದಲೇ ಬಲ್ಲವರಿಗೆ ಆ ಹೆಸರು ಇಡೀ ದೂರನ್ನು ನೆನಪಿಸುತ್ತದೆ, ಅರಿಯದವರಿಗೆ ಬರಿಯ ಹೀಯಾಳಿಕೆಯಾಗಿ ಕೇಳಿಸುತ್ತದೆ.

5. ಸಮಾರೋಪ

ಆದುದರಿಂದ ಇಂಥ ಹೆಸರನ್ನು ಕುರಿತು ‘ಇದು ಸಭ್ಯವೇ?’ ಎನ್ನುವುದಕ್ಕಿಂತ ‘ಇದರಿಂದ ಯಾವ ದೂರನ್ನು ಹೊರತೆಗೆಯಬಹುದು?’ ಎಂದು ಕೇಳುವುದು ಹೆಚ್ಚು ಪ್ರಯೋಜನಕಾರಿ ಎಂಬುದು ನಮ್ಮ ನಿಲುವು. ದೂರು ಉಳಿದಿರುವ ಹೆಸರು ಸಂಕ್ಷಿಪ್ತ ಟೀಕೆಯಾಗಿರುತ್ತದೆ. ದೂರು ಅಳಿದ ಹೆಸರು ಒಳಗಿನವರ ಗುರುತಾಗಿ ಮಾತ್ರ ಉಳಿಯುತ್ತದೆ. ಉತ್ತರಿಸಬೇಕಾದ ಸಂಸ್ಥೆಗೂ ಅದರ ಬೆಂಬಲಿಗರಿಗೂ ಹೆಸರಿನ ಬಗ್ಗೆ ಮಾತ್ರ ಆಕ್ಷೇಪಿಸಿ ನುಣುಚಿಕೊಳ್ಳುವ ಅವಕಾಶ ಕೊಡುತ್ತದೆ.