ಇಸಿಜಿ ನಾರ್ಮಲ್ ಅಂತೆ, ಇನ್ನು ಭಯ ಇಲ್ಲ ಅಲ್ವಾ?

2025ರ ಜುಲೈ ಮೊದಲ ವಾರ. ರಾತ್ರಿ ಬುಲೆಟಿನ್ ಮುಗಿಸಿ ಕುಕ್ ಟೌನ್‌ನ ಮನೆ ತಲುಪಿದಾಗ ಹನ್ನೊಂದೂವರೆ. ಕೆಳಗಿನ ಮನೆಯ ಆಂಟಿ ಗೇಟಿನ ಹತ್ತಿರವೇ ಕಾಯ್ತಾ ಇದ್ದರು. ಕೈಯಲ್ಲಿ ಇಸಿಜಿ ಕಾಗದ. "ನಿಮ್ಮ ಟಿವಿ ನೋಡಿ ಹೆದರಿ ಮಗನಿಗೆ ಮಾಡಿಸಿದೆ ಕಣಪ್ಪಾ. ನಾರ್ಮಲ್ ಅಂತೆ. ಇನ್ನು ಭಯ ಇಲ್ಲ ಅಲ್ವಾ?" ಮಗನಿಗೆ ಮೂವತ್ತಾರು. ನನ್ನದೇ ವಯಸ್ಸು.

"ಇಲ್ಲ ಆಂಟಿ, ಹೋಗಿ ಮಲಗಿ" ಅಂದೆ. ಹೇಳಿದ್ದು ಸುಳ್ಳು. ನಮ್ಮಪ್ಪನ ಇಸಿಜಿಯೂ ನಾರ್ಮಲ್ಲೇ ಇತ್ತು. ಅದಾಗಿ ಮೂರು ವಾರಕ್ಕೆ, ಐವತ್ತೊಂದನೇ ವಯಸ್ಸಿಗೆ, ಹಾರ್ಟ್ ಅಟ್ಯಾಕ್‌ನಲ್ಲಿ ಹೋಗಿಬಿಟ್ಟರು.

ಆ ದಿನಗಳು ನಿಮಗೂ ನೆನಪಿರುತ್ತೆ. ಹಾಸನ ಜಿಲ್ಲೆಯಲ್ಲಿ ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವು ಅನ್ನೋ ಸುದ್ದಿ. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಕ್ಯೂ. 2021ರ ಅಕ್ಟೋಬರ್‌ನಲ್ಲಿ ಅಪ್ಪು ತೀರಿಕೊಂಡಾಗಲೂ ಹೀಗೇ ಆಗಿತ್ತು. ಪರದೆಯ ಮೇಲೆ ಸಾವಿನ ಲೆಕ್ಕ ಓಡಿಸಿದವರಲ್ಲಿ ನಾನೂ ಒಬ್ಬ. ಆಮೇಲೆ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲ ಅಂತ ವರದಿ ಕೊಟ್ಟಿತು. ಆ ಸುದ್ದಿಗೆ ನಾವು ಕೊಟ್ಟ ಸಮಯ ಎಷ್ಟು ಅಂತ ಕೇಳಬೇಡಿ.

ಆದರೆ ಆಂಟಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಲೇಬೇಕಲ್ಲ. ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ನನ್ನ ಭಾಷೆಯಲ್ಲೇ ಹೇಳ್ತೀನಿ. ನಿಮ್ಮ ಮನೆಯಲ್ಲಿ ಬೋರ್‌ವೆಲ್ ಇದೆ ಅಂದುಕೊಳ್ಳಿ. ಮೋಟರ್‌ನ ಕರೆಂಟ್ ಅಳೆದರೆ ಈ ಹೊತ್ತು ಅದು ಸರಿಯಾಗಿ ಓಡ್ತಿದೆಯಾ ಅಂತ ಗೊತ್ತಾಗುತ್ತೆ. ಇಸಿಜಿ ಅಂದರೆ ಅದು. ಸುಮ್ಮನೆ ಮಲಗಿರುವಾಗ ತೆಗೆದ ಇಸಿಜಿಯಲ್ಲಿ, ರಕ್ತನಾಳ ಅರ್ಧ ಕಟ್ಟಿದ್ದರೂ ಏನೂ ಕಾಣದೇ ಇರಬಹುದು. ಇನ್ನು ಹತ್ತಿಪ್ಪತ್ತು ವರ್ಷಕ್ಕೆ ಪೈಪಿನೊಳಗೆ ಎಷ್ಟು ಉಪ್ಪು ಕಟ್ಟುತ್ತೆ ಅಂತ ತಿಳಿಯಬೇಕಾದರೆ ನೀರನ್ನೇ ಪರೀಕ್ಷೆ ಮಾಡಬೇಕು. ನಮ್ಮ ವಿಷಯದಲ್ಲಿ ಆ ನೀರು ರಕ್ತ.

ಅಮೆರಿಕದಲ್ಲಿ ಇದನ್ನೇ ಮಾಡಿದರು. 1990ರ ದಶಕದ ಆರಂಭದಲ್ಲಿ ಆರೋಗ್ಯವಾಗಿದ್ದ 27,939 ಮಹಿಳೆಯರ ರಕ್ತ ತೆಗೆದು, ಮೂರು ಅಂಶ ಅಳೆದು, ಮೂವತ್ತು ವರ್ಷ ಅವರನ್ನು ಗಮನಿಸಿದರು. ಬಾಸ್ಟನ್‌ನ ಪಾಲ್ ರಿಡ್ಕರ್ ತಂಡ 2024ರ ಆಗಸ್ಟ್‌ನಲ್ಲಿ ಫಲಿತಾಂಶ ಪ್ರಕಟಿಸಿತು.

ಮೊದಲನೆಯದು ಎಲ್‌ಡಿಎಲ್, ನಮಗೆಲ್ಲ ಗೊತ್ತಿರೋ ಕೆಟ್ಟ ಕೊಲೆಸ್ಟ್ರಾಲ್. ಎರಡನೆಯದು ಹೈ ಸೆನ್ಸಿಟಿವಿಟಿ ಸಿಆರ್‌ಪಿ. ದೇಹದೊಳಗೆ ಸದ್ದಿಲ್ಲದೆ ನಡೆಯುವ ಉರಿಯೂತದ ಗುರುತು ಇದು. ಉರಿಯೂತ ಇದ್ದಾಗ ರಕ್ತನಾಳದ ಗೋಡೆಯಲ್ಲಿ ಕೂತ ಕೊಬ್ಬು ಬೇಗ ಬೆಳೆಯುತ್ತೆ, ಬೇಗ ಒಡೆಯುತ್ತೆ. ಒಂದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, ಮೂರು ದಾಟಿದರೆ ಅಪಾಯ ಜಾಸ್ತಿ. ಶೀತ, ಜ್ವರ ಬಂದಾಗ ಮಾತ್ರ ಮಾಡಿಸಬೇಡಿ, ಸುಮ್ಮನೆ ಏರಿರುತ್ತೆ.

ಮೂರನೆಯದರ ಹೆಸರು ಲೈಪೋಪ್ರೋಟೀನ್ ಎ. ನನ್ನ ಮಟ್ಟಿಗೆ ಮುಖ್ಯ ಇದೇ. ಇದು ಅಪ್ಪ ಅಮ್ಮನಿಂದ ಬರುವ ಬಳುವಳಿ. ವಾಕಿಂಗ್ ಮಾಡಿ, ಎಣ್ಣೆ ಬಿಡಿ, ಹೆಚ್ಚುಕಮ್ಮಿ ಹುಟ್ಟಿನಿಂದ ಇದ್ದಷ್ಟೇ ಇರುತ್ತೆ. ಹಾಗಾಗಿ ಜೀವನದಲ್ಲಿ ಒಂದು ಸಲ ನೋಡಿದರೆ ಸಾಕು. ಭಾರತೀಯರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಇದು ಜಾಸ್ತಿ ಇದೆ ಅಂತ ನಮ್ಮ ಹೃದ್ರೋಗ ತಜ್ಞರ ಸಂಘವೇ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೂ ರಸ್ತೆಗೊಂದು ಬೋರ್ಡು ಹಾಕಿರುವ 'ಫುಲ್ ಬಾಡಿ ಪ್ಯಾಕೇಜ್'ಗಳಲ್ಲಿ ಬಹಳಷ್ಟು ಸಲ ಇದೊಂದೇ ಇರಲ್ಲ!

ಆ ಮಹಿಳೆಯರನ್ನು ಪ್ರತಿ ಅಂಶಕ್ಕೂ ಐದು ಗುಂಪು ಮಾಡಿದರು. ಕೆಳಗಿನ ಗುಂಪಿಗೆ ಹೋಲಿಸಿದರೆ ಮೇಲಿನ ಗುಂಪಿಗೆ ಹೃದಯಾಘಾತ, ಪಾರ್ಶ್ವವಾಯು ಇತ್ಯಾದಿಗಳ ಅಪಾಯ ಎಲ್‌ಡಿಎಲ್‌ನಲ್ಲಿ ಶೇ 36, ಲೈಪೋಪ್ರೋಟೀನ್ ಎನಲ್ಲಿ ಶೇ 33, ಸಿಆರ್‌ಪಿಯಲ್ಲಿ ಶೇ 70 ಹೆಚ್ಚು. ಮೂರೂ ಜಾಸ್ತಿ ಇದ್ದವರಿಗೆ ಎರಡೂವರೆ ಪಟ್ಟಿಗಿಂತಲೂ ಹೆಚ್ಚು.

ಇಲ್ಲೊಂದು ಎಚ್ಚರಿಕೆ. ಅವರಲ್ಲಿ ಬಹುತೇಕ ಬಿಳಿಯ ಮಹಿಳೆಯರು, ಸರಾಸರಿ ವಯಸ್ಸು ಸುಮಾರು 55. ಆ ಅಂಕಿಯನ್ನು ಹಾಗೇ ತಂದು ಶಿವಾಜಿನಗರದ ಆಟೊ ಚಾಲಕನಿಗೆ ಅಂಟಿಸೋಕೆ ಆಗಲ್ಲ. ಆದರೆ ನಮ್ಮ ಲೆಕ್ಕ ಇನ್ನೂ ಕಹಿಯಾಗಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರೂ ಭಾಗವಹಿಸಿದ್ದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳನ್ನು ನೋಡಿತ್ತು. ಮೊದಲ ಹೃದಯಾಘಾತದ ಸರಾಸರಿ ವಯಸ್ಸು ಬೇರೆಡೆ 58.8, ದಕ್ಷಿಣ ಏಷ್ಯಾದವರಲ್ಲಿ 53. ಡಾಕ್ಟರು ಬಳಸುವ ಲೆಕ್ಕಾಚಾರಗಳು ಹೆಚ್ಚಾಗಿ ಮುಂದಿನ ಹತ್ತು ವರ್ಷದ ಅಪಾಯವನ್ನಷ್ಟೇ ಹೇಳೋದು. ಮೂವತ್ತಾರರ ಹುಡುಗನಿಗೆ ಅದರಲ್ಲಿ ಬಹುತೇಕ 'ಅಪಾಯ ಕಡಿಮೆ' ಅಂತಲೇ ಬರುತ್ತೆ. ನಲವತ್ತಾರು ದಾಟಿದ ಮೇಲೆ?

ಮರುದಿನ ಕೆಳಗೆ ಹೋಗಿ ಆಂಟಿಗೆ ಇದನ್ನೆಲ್ಲ ಹೇಳಿದೆ. "ಹಂಗಾದ್ರೆ ನೀನು ಮಾಡಿಸಿದ್ಯಾ?" ಅಂತ ಕೇಳಿಬಿಟ್ಟರು. ಮಾಡಿಸಿರಲಿಲ್ಲ. ಶನಿವಾರ ವೀಲರ್ ರಸ್ತೆ ಕಡೆಯ ಲ್ಯಾಬ್‌ಗೆ ಅವರ ಮಗನೂ ನಾನೂ ಒಟ್ಟಿಗೆ ಹೋದೆವು.

ಅವನ ಎಲ್‌ಡಿಎಲ್ 148, ಉಳಿದವು ಪರವಾಗಿಲ್ಲ. ನನ್ನ ಎಲ್‌ಡಿಎಲ್ ಚೆನ್ನಾಗಿದೆ, ಸಿಆರ್‌ಪಿ ಚೆನ್ನಾಗಿದೆ. ಲೈಪೋಪ್ರೋಟೀನ್ ಎ 50ರ ಒಳಗಿರಬೇಕಿತ್ತು, 82 ಇದೆ. ಅಪ್ಪ ಬಿಟ್ಟುಹೋದ ಆಸ್ತಿ. ಅದನ್ನು ಇಳಿಸೋದಕ್ಕೇ ಅಂತ ಮಾತ್ರೆ ಸದ್ಯಕ್ಕಿಲ್ಲ, ಪ್ರಯೋಗಗಳು ನಡೀತಿವೆ. ಡಾಕ್ಟರು ಹೇಳಿದ್ದು ಇಷ್ಟೇ: "ಕೈಯಲ್ಲಿ ಇಲ್ಲದ್ದು ಇದೊಂದು. ಬಿಪಿ, ಸಕ್ಕರೆ, ಎಲ್‌ಡಿಎಲ್, ಸಿಗರೇಟು ಕೈಯಲ್ಲಿವೆ. ಅವುಗಳ ವಿಷಯದಲ್ಲಿ ನೀವು ಬೇರೆಯವರಿಗಿಂತ ಬಿಗಿಯಾಗಿರಬೇಕು." ಒಡಹುಟ್ಟಿದವರಿಗೂ ಮಾಡಿಸಿ ಅಂದರು.

ದಾವಣಗೆರೆಯಲ್ಲಿರೋ ತಮ್ಮನಿಗೆ ಅವತ್ತೇ ಫೋನ್ ಮಾಡಿದೆ. "ಮುಂದಿನ ವಾರ ಮಾಡಿಸ್ತೀನಿ ಬಿಡಣ್ಣ" ಅಂದ. ಈಗ ಮೂರನೇ ಮುಂದಿನ ವಾರ ನಡೀತಿದೆ.